ಖಂಡೇನವಮಿಯ ಬ್ಯಾಟರಿ

ಬೆಂಕಿಪೆಟ್ಟಿಗೆಯ ಅರ್ಧದಷ್ಟಿದ್ದ ಒಂದು ಮೀಟರು ಖಂಡೇನವಮಿಯ ಬೆಳಿಗ್ಗೆ ದೇವರ ಮುಂದೆ ಹೋಗಿ ಕೂತಿತು. ಕೇದಾರನ ಆ ದಿನದ ಪಾಡಿಗೆ ಇಷ್ಟೇ ಮೂಲ.

ಇಚಲಕರಂಜಿಯ ಮಗ್ಗಗಳೆಲ್ಲ ಅಂದು ಬಾಯಿ ಮುಚ್ಚಿದ್ದವು. ವರ್ಷವಿಡೀ ಖಟಖಟ ಎನ್ನುವ ಊರು ಹೀಗೆ ಒಂದು ದಿನ ಸುಮ್ಮನಾದರೆ ದೇವರಿಗೂ ಕಿವಿ ಬಿಚ್ಚಿದಂತಾಗುತ್ತದೇನೋ. ಮನೆಮನೆಯಲ್ಲಿ ನಟ್ಟು ಬಿಚ್ಚುವ ಪಾನಾ, ಕತ್ತರಿ, ಈಳಿಗೆ, ತಕ್ಕಡಿ ಎಲ್ಲವೂ ಮಿಂದು, ಅರಿಸಿನ ಕುಂಕುಮ ಹಚ್ಚಿಕೊಂಡು, ಚೆಂಡುಹೂ ಮುಡಿದು ಬೀಗರ ಹಾಗೆ ಸಾಲಾಗಿ ಕೂತಿದ್ದವು. ಒಮ್ಮೆ ಕೂತವೆಂದರೆ ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಕೇದಾರನ ಹೆಂಡತಿ ಕಾಂಚನ ಗಂಡನ ಪಾನಾಗಳ ಪಕ್ಕದಲ್ಲಿ ಆ ಮೀಟರನ್ನೂ ಕೂಡಿಸಿದ್ದಳು.

"ಹತ್ಯಾರ ಅಲ್ಲ ಅದು! ಈಗ ನನಗ ಬೇಕು," ಎಂದ ಕೇದಾರ.

"ಅದರಲೆ ಏನರ ಅಳೀತೀರಿಲ್ಲೋ?"

"ಅಳೀತೇನಿ. ಗಾಡ್ಯಾಗಿನ ಬ್ಯಾಟರಿ ಎಷ್ಟ ಉಳದೈತಿ ಅಂತ."

"ಅಳಿಯೂದಂದ್ರ ಹತ್ಯಾರನ. ತಕ್ಕಡಿ ಸುಮ್ನ ಕೂತಿಲ್ಲೇನು? ಮುಟ್ಟಿದ್ರ ನೋಡ್ರಿ ಮತ್ತ!"

ಕೇದಾರನಿಗೆ ವಯಸ್ಸು ನಲವತ್ತಾರು. ಅಣ್ಣಾಸಾಹೇಬರ ಶೆಡ್ಡಿನಲ್ಲಿ ಮಗ್ಗ ಕೆಟ್ಟರೆ ಸರಿಮಾಡುವ ಜಾಬರ್. ಮೂರು ವರ್ಷ ಗುಜರಿಯಿಂದ ಒಂದೊಂದೇ ಭಾಗ ಆಯ್ದು ತಂದು, ಮೊಳದುದ್ದದ ಒಂದು ಪೆಟ್ರೋಲ್ ಕಾರು ಕಟ್ಟಿದ್ದ. ಅದು ರಿಮೋಟಿನ ಮಾತು ಕೇಳಿ ಓಡುತ್ತಿತ್ತು. ಮಾತು ಕೇಳಲು ಅದರ ಹೊಟ್ಟೆಯಲ್ಲಿ ಒಂದು ರಿಸೀವರ್, ಆ ರಿಸೀವರಿಗೆ ಒಂದು ಪುಟ್ಟ ಬ್ಯಾಟರಿ. ಬ್ಯಾಟರಿ ಇಳಿದರೆ ಎಂಜಿನ್ನೇನೂ ನಿಲ್ಲುವುದಿಲ್ಲ. ಗಾಡಿ ಮಾತು ಕೇಳುವುದನ್ನಷ್ಟೇ ಬಿಡುತ್ತದೆ.

ಹೋದ ಖಂಡೇನವಮಿಗೆ ಆದದ್ದೂ ಅದೇ. ಶೆಡ್ಡಿನ ಅಂಗಳದಲ್ಲಿ ನಡೆಯುವ ಕಾರುಗಳ ಶರ್ಯತ್ತಿನ ನಡುವೆ ಬ್ಯಾಟರಿ ಇಳಿದು, ಗಾಡಿ ಪ್ರಸಾದದ ಬುಂದಿಬುಟ್ಟಿ ಹೊಕ್ಕು ಹೊರಬಂದು, ಅಣ್ಣಾಸಾಹೇಬರ ಹೊಸ ಧೋತರ ಸುತ್ತಿಕೊಂಡು ನಿಂತಿತ್ತು. ಅಂದಿನಿಂದ ಮಾಲಕರದು ಒಂದೇ ಮಾತು: "ಈ ಸರ್ತಿ ಗಾಡಿ ಕೈಬಿಟ್ಟು ಹೋತಂದ್ರ ಅದು ನನ್ನ ಕಪಾಟಿನ್ಯಾಗ. ಕೀಲಿ ಹಾಕತೇನಿ, ತಗಿಯೂದಿಲ್ಲ."

"ಹತ್ತ ಸುತ್ತು ಮೊದಲ ಮುಗಿಸಿದ್ರರಿ?"

"ಮುಗಸು. ಆಮ್ಯಾಲ ನಿನ್ನ ಗಾಡಿ ಸುದ್ದಿಗೆ ಬಂದ್ರ ಕೇಳು."

"ಬರ್ರಿ ಹಂಗಾದ್ರ, ನೋಡೇ ಬಿಡೂಣು!" ಎಂದಿದ್ದ ಕೇದಾರ, ಎದೆ ಉಬ್ಬಿಸಿ.

ಕಾರು, ರಿಮೋಟು ಎರಡೂ ಟೀವಿ ರಿಪೇರಿ ಮಾಡುವ ಗುಂಡೂನ ಅಂಗಡಿಯಲ್ಲಿದ್ದವು. ಹಾಗಾಗಿ ಕಾಂಚನಳ ಕೈಯಿಂದ ಪಾರಾಗಿದ್ದವು. ಆದರೆ ಗುಂಡೂನ ಮೀಟರೂ ಅವನ ಮನೆ ದೇವರ ಮುಂದೆ ಹೂ ಮುಡಿದು ಕೂತಿತ್ತು.

"ಮೀಟರ್ ಯಾಕ ಬೇಕೋ? ಬಲ್ಬ್ ಹಚ್ಚಿ ನೋಡೂಣು," ಎಂದು ಗುಂಡು ಬ್ಯಾಟರಿಗೆ ಸಣ್ಣದೊಂದು ಬಲ್ಬು ಹಚ್ಚಿದ. ಅದು ಬೆಳಗಿತು. "ಫುಲ್ಲ್ ಐತಿ ನೋಡು!"

ಚಹಾ ಕುಡಿಯಲು ಬಂದಿದ್ದ ಭರಮಪ್ಪ ಒಪ್ಪಲಿಲ್ಲ. "ಬಲ್ಬಿನಿಂದ ಏನ ತಿಳೀತೈತಿ? ತಾಕತ್ತು ನೋಡಬೇಕಂದ್ರ ಪಂಖಾ ತಿರಗಬೇಕು." ಅಂಗೈಯಗಲದ ಪಂಖವೊಂದನ್ನು ಬ್ಯಾಟರಿಗೆ ಜೋಡಿಸಿ, ಅಂಗಿಯ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ ಅದರೆದುರು ಕೂತ. ಕಾಲು ಗಂಟೆಯ ಮೇಲೆ ಕಣ್ಣು ತೆರೆದು, "ಅರ್ಧಾ ಐತಿ," ಎಂದ.

"ನೀ ಕೂಡೂ ಮುಂಚೆ ಪೂರಾ ಇತ್ತೋ, ಎಪ್ಪಾ!" ಎಂದು ಕೇದಾರ ಕಿತ್ತುಕೊಂಡ.

ಅಷ್ಟರಲ್ಲಿ ಎದುರುಮನೆಯ ಮುದುಕಿ ಚಂಪಾಬಾಯಿ ಬಂದಳು. "ನಮ್ಮವರು ನಾಲಿಗಿಗೆ ಹಚ್ಚಿ ಹೇಳ್ತಿದ್ರು. ನಾಲಿಗಿ ತಗಿಯೋ."

ಕೇದಾರ ನಾಲಿಗೆ ಚಾಚಿದ. ಚುರ್ ಎಂದಿತು.

"ಎಷ್ಟ ಚುರ್ ಅಂತು?"

"ಎಷ್ಟಂದ್ರ... ಮೆಣಸಿನಕಾಯಿ ಕಡದಂಗ."

"ಹಸಿದೋ, ಒಣಗಿದ್ದೋ?"

"ಸಾಕ್ರಿ ಎವ್ವಾ!" ಕೇದಾರ ಚೀರಿದ. "ನೀವೆಲ್ಲಾ ನೋಡಿ ನೋಡೇ ಇದನ್ನ ಇಳಸ್ತೀರಿ. ಇದ್ದಷ್ಟರಾಗ ಓಡತೈತಿ. ನಾ ಅಂತೂ ಹಿಂದ ಸರಿಯೂದಿಲ್ಲ." ಬ್ಯಾಟರಿಯನ್ನು ಗಾಡಿಯೊಳಗಿಟ್ಟು, ಮದುಮಗಳನ್ನು ಕರೆದೊಯ್ಯುವವನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಶೆಡ್ಡಿನತ್ತ ನಡೆದ. ಓಣಿ ಹಿಂದೆಯೇ ಹೊರಟಿತು.

ಅಂಗಳದ ನಡುವೆ ನೀರಿನ ಟಾಕಿ. ಅದರ ಸುತ್ತ ಹತ್ತು ಸುತ್ತು. ಶೆಡ್ಡಿನ ಬಾಗಿಲಲ್ಲಿ ದೇವಿ ಅಂಬಾಬಾಯಿಯ ಪಟಕ್ಕೆ ಚೆಂಡುಹೂವಿನ ಹಾರ. ಪಕ್ಕದ ಕುರ್ಚಿಯಲ್ಲಿ ಅಣ್ಣಾಸಾಹೇಬರು ಕಪಾಟಿನ ಕೀಲಿ ತಿರುಗಿಸುತ್ತ ಕೂತಿದ್ದರು. ಗಾಡಿಗಳು ಮೂರು. ಒಂದರ ಗಾಲಿ ಒಂದೂವರೆ ಸುತ್ತಿಗೇ ಕಳಚಿಕೊಂಡಿತು. ಇನ್ನೊಂದು ಉದಗಾಂವದ ಪಾರೀಸನದು. ಅವನ ಹೊಸ ರಿಮೋಟಿನಲ್ಲಿ ಗಾಡಿಯ ಬ್ಯಾಟರಿ ಎಷ್ಟಿದೆಯೆಂದು ಅಂಕಿಯೇ ಕಾಣುತ್ತಿತ್ತು. ಪಾರೀಸ ಆ ಅಂಕಿಯಿಂದ ಕಣ್ಣು ಕೀಳಲಿಲ್ಲ. ಅಂಕಿ ಎಪ್ಪತ್ತೆರಡು ಇದ್ದಾಗ ಗಾಡಿ ಟಾಕಿಗೆ ಬಡಿದು ಎರಡಾಯಿತು. ಅಂಕಿ ಆಗಲೂ ಎಪ್ಪತ್ತೆರಡೇ ಇತ್ತು.

ಕೇದಾರನ ಗಾಡಿ ಐದು ಸುತ್ತು ಹೂವಿನಂತೆ ಓಡಿತು. ಆರನೆಯದು ಶುರುವಾದಾಗ ಅವನು ರಿಮೋಟನ್ನು ಬಲಕ್ಕೆ ತಿರುಗಿಸಿದ. ಗಾಡಿ ಎಡಕ್ಕೇ ಹೊರಳಿತು. ವೇಗ ಇಳಿಸಿದ, ಇಳಿಯಲಿಲ್ಲ. ಇಳಿಯಿತು ಬ್ಯಾಟರಿ! ಭರಮಪ್ಪನ ಪಂಖಾ ನುಂಗಿತು!

ಬಾಯಿ ಬಿಟ್ಟರೆ ಗಾಡಿ ಕಪಾಟಿಗೆ. ಆದರೆ ಗಾಡಿ ಬುಂದಿಯ ಕಡೆ ಹೋಗಲಿಲ್ಲ. ತಿರುವಿನಲ್ಲಿದ್ದಾಗ ಗಾಲಿ ಹೇಗೆ ಹೊರಳಿತ್ತೋ ಹಾಗೇ ನಿಂತುಬಿಟ್ಟಿದ್ದರಿಂದ, ಗಾಣದ ಎತ್ತಿನಂತೆ ಟಾಕಿಯನ್ನೇ ಸುತ್ತತೊಡಗಿತು. ಕೇದಾರ ಕತ್ತು ನೆಟ್ಟಗೆ ಮಾಡಿ, ತುಟಿ ಬಿಗಿದು, ರಿಮೋಟನ್ನು ಅತ್ತಿತ್ತ ತಿರುಗಿಸುತ್ತಲೇ ಇದ್ದ.

ಹತ್ತು ಸುತ್ತು ಮುಗಿಯಿತು. "ನಾದ ಖುಳಾ!" ಎಂದು ಅಂಗಳ ಮರಾಠಿಯಲ್ಲಿ ಶಾಬಾಸ್ ಕೂಗಿತು. ಹನ್ನೊಂದಾಯಿತು, ಹನ್ನೆರಡಾಯಿತು.

"ಆತಪಾ, ಗೆದ್ದಿ. ನಿಲ್ಲಸು," ಎಂದರು ಅಣ್ಣಾಸಾಹೇಬರು.

"ನಿಲ್ಲಸೂದಿಲ್ರಿ!"

"ಯಾಕೋ?"

"ಹ್ವಾದ ವರ್ಷ ನಕ್ಕಾವರು ಇವತ್ತ ಕಣ್ಣತುಂಬ ನೋಡ್ಲಿ!"

ಅಣ್ಣಾಸಾಹೇಬರು ಎದ್ದು ನಿಂತರು. "ಈ ಶೆಡ್ಡಿನ ಮಾಲಕ ಹೇಳಾಕತ್ತೇನಿ. ನಿಲ್ಲಸಂದ್ರ ನಿಲ್ಲಸಬೇಕು."

"ಶೆಡ್ಡು ನಿಮ್ಮದ್ರಿ. ಪೆಟ್ರೋಲ್ ನಂದು. ತೀರೂತನಾ ಓಡತೈತಿ!"

ಆ ಅಂಗಳದಲ್ಲಿ ಮಾಲಕರಿಗೆ ಹಾಗೆ ಉತ್ತರ ಕೊಟ್ಟವರಿರಲಿಲ್ಲ. ಕೆಲಸಗಾರರು ಸಿಳ್ಳೆ ಹೊಡೆದರು. ಕಾಂಚನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗೆ ಹುಲಿಯಾಗಿ ನಿಂತಿದ್ದ ಕೇದಾರ ಒಳಗೊಳಗೇ, "ತಾಯಿ ಅಂಬಾಬಾಯಿ, ಪೆಟ್ರೋಲ್ ಲಗೂನ ತೀರಸವ್ವಾ," ಎಂದು ಬೇಡುತ್ತಿದ್ದ.

ಮೂವತ್ತೊಂದನೆಯ ಸುತ್ತಿಗೆ ಗಾಡಿ ಕೆಮ್ಮಿತು, ತೂರಾಡಿತು, ತಾಯಿಯ ಪಟದ ಮುಂದೆ ಬಂದು ನಿಂತಿತು.

ಇಷ್ಟು ಸುತ್ತಾದರೂ ಅಂಗಳದ ಧೂಳಿನಲ್ಲಿ ಅವನ ಗಾಡಿಯ ಗುರುತು ಒಂದೇ ಒಂದು ಗೆರೆ. ಅದನ್ನು ಕಂಡು ಅಣ್ಣಾಸಾಹೇಬರ ಸಿಟ್ಟೆಲ್ಲ ಇಳಿಯಿತು. "ಗೇಣು ಆಕಡಿ ಇಲ್ಲ, ಈಕಡಿ ಇಲ್ಲ. ಕೈ ಅಂದ್ರ ಇದು ಕೈಯೋ!"

ಅತ್ತ ಗುಂಡು ಗಾಡಿಯ ಬ್ಯಾಟರಿ ತೆಗೆದು ಬಲ್ಬಿಗೆ ಹಚ್ಚಿದ. ಅದು ಬೆಳಗಿನಷ್ಟೇ ಝಗಝಗ ಉರಿಯಿತು. ಕೇದಾರ ದಂಗಾದ. ನಿಧಾನವಾಗಿ ಕೈಯಲ್ಲಿದ್ದ ರಿಮೋಟನ್ನು ನೋಡಿದ. ಅದರ ದೀಪ ಆರಿತ್ತು. ಒಳಗಿನವು ಹೋದ ದಸರೆಗೆ ಹಾಕಿದ ಸೆಲ್ಲುಗಳು. ಇಡೀ ಓಣಿ ಬೆಳಗಿನಿಂದ ಗಾಡಿಯ ಹೊಟ್ಟೆ ಕಾದಿತ್ತು. ಅವನ ಕೈಯಲ್ಲಿದ್ದುದನ್ನು ಅವನೂ ನೋಡಿರಲಿಲ್ಲ.

ಅಣ್ಣಾಸಾಹೇಬರು ಅವನ ಹಣೆಗೆ ಕುಂಕುಮ ಹಚ್ಚಿ, ಅಂಬಾಬಾಯಿಯ ಪಟದತ್ತ ಕೈ ತೋರಿಸಿದರು. "ಆಯಿ ಮುಂದ ಖರೇ ಹೇಳು, ಇಂಥಾ ಕೈ ಹೆಂಗ ಬಂತೋ ನಿನಗ?"

ಕೇದಾರ ಪಟದತ್ತ ನೋಡಿದ. ಮಾಲಕರ ಮುಂದೆ ಓಡಿದ ಸುಳ್ಳು ತಾಯಿಯ ಮುಂದೆ ಓಡಲಿಲ್ಲ. ಆದರೆ ತಲೆಯನ್ನು ಅವನು ತಗ್ಗಿಸಲೂ ಇಲ್ಲ.

"ಆರನೇ ಸುತ್ತಿನಿಂದ ನಾ ಓಡಿಸಿಲ್ರಿ. ರಿಮೋಟಿನ ಸೆಲ್ ತೀರಿದ್ವು. ಹಾಕ್ರಿ ಕಪಾಟಿನ್ಯಾಗ, ನಾ ಹೆದರೂದಿಲ್ಲ!"

ಅಣ್ಣಾಸಾಹೇಬರು ಅವನ ಕೈಯ ರಿಮೋಟಿನತ್ತ ಬಗ್ಗಿ ನೋಡಿದರು.

"ನೀ ಓಡಿಸಿಲ್ಲ?"

"ಇಲ್ರಿ."

"ಹಂಗಾದ್ರ ಇಪ್ಪತ್ತೈದು ಸುತ್ತು ಓಡಿಸಿದವರು ಯಾರೋ?"

ಒಬ್ಬೊಬ್ಬರ ಕಣ್ಣೂ ಪಟದತ್ತ ಹೊರಳಿತು. ಅಣ್ಣಾಸಾಹೇಬರು ಚಪ್ಪಲಿ ಕಳಚಿದರು. ಚಂಪಾಬಾಯಿ ಗಾಡಿಯ ಬಾನೆಟ್ಟಿಗೆ ಬೊಗಸೆ ಕುಂಕುಮ ಸುರಿದು ಅಡ್ಡಬಿದ್ದಳು.

"ಗಾಲಿ ಸಿಕ್ಕೊಂಡಿತ್ರೀ, ಅಷ್ಟ!" ಎಂದು ಕೇದಾರ ಬಾಯಿ ಬಡಿದುಕೊಂಡ.

"ಸಿಕ್ಕಿದ್ದಲ್ಲೋ, ಆಯಿ ಹಿಡದಿದ್ಳು. ಕಪಾಟಿನ್ಯಾಗ ಇಟ್ರ ಪಾಪ ಹತ್ತೀತು. ಇನ್ನ ಮ್ಯಾಲ ಇದು ಇಲ್ಲೇ, ಆಯಿ ಪಾದದ ಹಂತೇಕ. ಗಾಜಿನ ಪೆಟಿಗಿ ಮಾಡಸ್ತೇನಿ. ಯಾರೂ ಮುಟ್ಟಬಾರದು."

ಕೇದಾರ ರಿಮೋಟನ್ನು ಎದೆಗೊತ್ತಿ ಹಿಡಿದ. "ಇದನ್ನ ಮಾತ್ರ ಕೊಡೂದಿಲ್ರಿ, ಜೀವಾ ಹ್ವಾದ್ರೂ!"

"ಇಟ್ಕೋಪಾ, ನಿನಗ ಇರ್ಲಿ," ಎಂದರು ಅಣ್ಣಾಸಾಹೇಬರು ಶಾಂತವಾಗಿ. "ಗಾಡಿ ಅದರಲೆ ಓಡಿಲ್ಲ ಅಂತ ನೀನ ಹೇಳಿದಿಯಲ್ಲ."