ಗಂಡ-ಹೆಂಡಿರ ಹೆಸರನ್ನು ಸರ್ವರ್‌ಗೆ ಏರಿಸದಿರುವ ಬಗ್ಗೆ

ಹಾಲು ಸಂಕಲನ ಸಂಘ, ಗಣಕ ವಿಭಾಗ
ಉಮದಿ, ತಾ. ಜತ್ತ, ಜಿ. ಸಾಂಗಲಿ

ಸಂಖ್ಯೆ: ಗವಿ/ಹೆಸರು/ನಾಚಿಕೆ/07
ಉಲ್ಲೇಖ: ಬಾಲಗಾಂವ ಕೇಂದ್ರದಲ್ಲಿ ಕೇಳಿಬಂದ ನಗು

ಕೆಳಗಿನ ಸಂಗತಿ ನಿಜವಾಗಿಯೂ ನಡೆದಿರುತ್ತದೆ. ನಡೆದದ್ದು ಸಹಿ ಮಾಡಿದವನಿಗೇ ಆದ್ದರಿಂದ ನಿರಾಕರಿಸಲು ಅವಕಾಶವಿರುವುದಿಲ್ಲ.

ಸಂಘದ ಜಾವಾ ಅಪ್ಲಿಕೇಶನ್ನಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಘಟಕವಿದ್ದು, ಅವೆಲ್ಲ ದೂರದ ಸರ್ವರ್‌ನಲ್ಲಿ ವಾಸವಾಗಿರುತ್ತವೆ. ಘಟಕ ಎಲ್ಲಿದೆ ಎಂದು ಕೇಳಬೇಕಿಲ್ಲ. ನೋಂದಾಯಿಸಿದ ಹೆಸರು ಹೇಳಿದರೆ ಸಿಗುತ್ತದೆ, ಹೇಳದಿದ್ದರೆ ಸಿಗುವುದಿಲ್ಲ. ಸಂಪರ್ಕ ಕಡಿದಾಗ ಹಾಲಿನ ಕೇಂದ್ರದವರು ಉಮದಿಗೆ ಫೋನ್ ಮಾಡಿ, ಹೆಸರನ್ನು ಸ್ವಂತ ಬಾಯಿಂದ ಹೇಳತಕ್ಕದ್ದೆಂದು ಈ ಹಿಂದೆ ಆದೇಶಿಸಲಾಗಿತ್ತು. ಆದೇಶಿಸಿದವನೂ ಸಹಿ ಮಾಡಿದವನೇ. ಆದ್ದರಿಂದ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಹಾಲಿನ ಫ್ಯಾಟ್ (ಕೊಬ್ಬಿನಂಶ) ಲೆಕ್ಕ ಹಾಕುವ ಘಟಕಕ್ಕೆ ತಾಂತ್ರಿಕ ಅಧಿಕಾರಿ ಕಲ್ಮೇಶ ಇವರು ‘ಶಿದ್ರಾಯ’ ಎಂದು ಹೆಸರಿಟ್ಟಿದ್ದು, ಅದು ಬಾಲಗಾಂವ ಕೇಂದ್ರದ ಸುನಿತಾ ಇವರ ಪತಿಯ ಹೆಸರೆಂದು ತಿಳಿದೇ ಇಟ್ಟಿರುವುದು ಸಾಬೀತಾಗಿದೆ. ಸಂಪರ್ಕ ಕಡಿದ ದಿನ ಸುನಿತಾ ಇವರು “ನಮ್ಮ ಮನಿಯವರು ಸಿಗವಲ್ರು ನೋಡ್ರಿ” ಎಂದಾಗ, “ಹಂಗ ಅನ್ನೂ ಹೆಸರು ಇಲ್ಲೆ ಯಾವುದೂ ಇಲ್ರಿ ಅಕ್ಕಾರ” ಎಂದು ಕಲ್ಮೇಶ ಇವರಿಂದ ಉತ್ತರಿಸಲಾಯಿತು. ಬಿಸಿಲಲ್ಲಿ ಹಾಲಿನ ಕ್ಯಾನುಗಳು ಕಾಯುತ್ತಿದ್ದುದರಿಂದ ಸೆರಗು ಬಾಯಿಗೆ ಒತ್ತಿಕೊಂಡು ಹೆಸರು ಹೇಳಲಾಯಿತು. ಇದನ್ನು ಸದರಿ ಅಧಿಕಾರಿಗಳು ಟವೆಲ್ಲನ್ನೇ ಸೆರಗು ಮಾಡಿಕೊಂಡು ಕ್ಯಾಂಟೀನಿನಲ್ಲಿ ಅಭಿನಯಿಸಿದ್ದು ವಿಷಾದನೀಯ. ಅಭಿನಯ ಚಲೋ ಇತ್ತು.

2. ಇನ್ನು ಮುಂದೆ ಗಂಡ, ಹೆಂಡತಿ, ಅತ್ತೆ, ಮಾವ ಇವರ ಹೆಸರುಗಳನ್ನು ಘಟಕಗಳಿಗೆ ಇಡತಕ್ಕದ್ದಲ್ಲ.

3. ದೇವರ ಹೆಸರಿಟ್ಟಲ್ಲಿ, ಘಟಕ ಕೆಟ್ಟಾಗ ಬೈಯುವಂತಿಲ್ಲ. ಚಪ್ಪಲಿ ಬಿಟ್ಟು ಮರುಚಾಲನೆ ಮಾಡತಕ್ಕದ್ದು.

4. ಎಮ್ಮೆಗಳ ಹೆಸರನ್ನೂ ನಿಷೇಧಿಸಲಾಗಿದೆ. ಕೂಗಿದಾಗ ಎಮ್ಮೆ ಬರುತ್ತದೆ, ಘಟಕ ಬರುವುದಿಲ್ಲ.

5. ಅವಿವಾಹಿತ ಸಿಬ್ಬಂದಿ, ಲಗ್ನ ನಿಶ್ಚಯವಾದ ಕೂಡಲೇ ಭಾವಿ ಸಂಗಾತಿಯ ಹೆಸರನ್ನು ವಿಭಾಗಕ್ಕೆ ತಿಳಿಸತಕ್ಕದ್ದು. ಅದೇ ಹೆಸರಿನ ಘಟಕವಿದ್ದಲ್ಲಿ ಅಕ್ಷತೆಗೆ ಮುನ್ನ ಬದಲಿಸಲಾಗುವುದು. ತಡವಾದಲ್ಲಿ ಲಗ್ನವನ್ನು ಮುಂದೂಡುವುದು.

6. ಸುನಿತಾ ಇವರು ಒಂದು ದಿನದ ಮಟ್ಟಿಗೆ ಉಮದಿ ಕಚೇರಿಗೆ ನಿಯುಕ್ತರಾದಾಗ ಸದರಿ ಘಟಕವನ್ನು ‘ಉಮಾಶ್ರೀ’ ಎಂದು ಮರುನಾಮಕರಣ ಮಾಡಿರುವುದು ನಿಯಮಬದ್ಧವಾಗಿದೆ. ಅಂದು ಬಾಲಗಾಂವದ ತಪಾಸಣೆಗೆ ಹೋಗಿದ್ದ ಕಲ್ಮೇಶರಿಗೆ ಅದು ಪತ್ನಿಯ ಹೆಸರು. ಪಕ್ಕದಲ್ಲಿ ನಿಂತಿದ್ದ ಸಂಘದ ಅಧ್ಯಕ್ಷ ಮಲಕಾಜಪ್ಪನವರು ಅವರ ಮಾವ. ಸಂಪರ್ಕ ಕಡಿಯಿತು; ‘ಉಮಾಶ್ರೀ ಸಿಗುತ್ತಿಲ್ಲ’ ಎಂದು ಪರದೆ ತೋರಿಸಿತು. ಉಮದಿಯಲ್ಲಿ ಫೋನ್ ಎತ್ತಿದವರು ಸುನಿತಾ; ಇತ್ತ ಫೋನಿನ ಸ್ಪೀಕರ್ ಚಾಲೂ ಇತ್ತು.

“ಯಾವ ಘಟಕ ಬೇಕ್ರಿ ಸಾಹೇಬ್ರ? ಹೆಸರು ಹೇಳ್ರಿ.”

“ಅದs ರೀ… ಫ್ಯಾಟಿಂದು… ನಮ್ಮಾಕಿ…”

“ಹಂಗ ಅನ್ನೂ ಹೆಸರು ಇಲ್ಲೆ ಯಾವುದೂ ಇಲ್ರಿ.”

ಕ್ಯಾನುಗಳು ಬಿಸಿಯಾಗುತ್ತಿದ್ದುದನ್ನು ಗಮನಿಸಿದ ಅಧ್ಯಕ್ಷರು, “ಅಳಿಯಂದ್ರ, ನಾಚಿಕಿ ಆಮ್ಯಾಲ ಪಡ್ರಿ, ಹಾಲು ಒಡೀತಾವ! ಆ ಹೆಸರು ಇಟ್ಟಾಂವ ನಾನs ಅದೀನಿ, ಲಗೂನ ಹೇಳ್ರಿ!” ಎಂದು ಸೂಚಿಸಿದರು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಹೆಸರು ಹೇಳಲಾಯಿತು. ಘಟಕ ಸಿಕ್ಕಿತು. ಹಾಲು ಉಳಿಯಿತು. ಉಳಿಯದ್ದನ್ನು ಇಲ್ಲಿ ನಮೂದಿಸಲಾಗಿಲ್ಲ.

ಸಹಿ/-
(ಕಲ್ಮೇಶ)
ತಾಂತ್ರಿಕ ಅಧಿಕಾರಿ ಹಾಗೂ ಅಳಿಯ

ಪ್ರತಿಗಳು:
1. ಅಧ್ಯಕ್ಷರಿಗೆ — ತಲೆ ತಗ್ಗಿಸಿ ಸಲ್ಲಿಸುವುದು.
2. ಶ್ರೀ ಶಿದ್ರಾಯ ಇವರಿಗೆ — ಕ್ಷಮೆಯೊಂದಿಗೆ. ಅವರು ಈಗ ಘಟಕವಾಗಿರುವುದಿಲ್ಲ.
3. ಸಹಿ ಮಾಡಿದವನ ಮನೆಗೆ — ಅವಶ್ಯವಿಲ್ಲ, ಸುದ್ದಿ ಮೊದಲೇ ಮುಟ್ಟಿದೆ.
4. ಸುನಿತಾ ಇವರಿಗೆ — ಫೋನಿನ ಆ ಕಡೆಯಿಂದ ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ನಗು ನಿಂತ ಮೇಲೆ ತಲುಪಿಸತಕ್ಕದ್ದು. ಇನ್ನೂ ನಿಂತಿರುವುದಿಲ್ಲ.