ವಾಲ್ವ್ ಚಾವಿ ಹೊತ್ತ ಅಳಿಯ

ನೆಮ್ಮದಿಯಾಗಿ ಹಬ್ಬ ಮಾಡುವ ಯೋಗ ಕೆಲವರ ಹಣೆಯಲ್ಲೇ ಬರೆದಿರುವುದಿಲ್ಲ. ಆ ಪೈಕಿ ನಾನೇ ಮೊದಲಿಗ. ಕೊಟ್ಟೂರಿನಲ್ಲಿ ಓಣಿಓಣಿಗೆ ಕುಡಿಯುವ ನೀರು ಬಿಡುವುದು ನನ್ನ ಕೆಲಸವಾಗಿತ್ತು. ರಸ್ತೆ ಬದಿಯ ಗುಂಡಿಯಲ್ಲಿರುವ ವಾಲ್ವನ್ನು ಉದ್ದನೆಯ ಕಬ್ಬಿಣದ ಚಾವಿಯಿಂದ ತಿರುಗಿಸಬೇಕು, ಆ ಓಣಿಗೆ ನೀರು ಹರಿಯುತ್ತದೆ. ಒಂದೊಂದು ಓಣಿಗೆ ವಾರಕ್ಕೊಂದು ಸರದಿ. ಸರದಿ ತಪ್ಪಿತೋ, ಹೆಂಗಸರು ಖಾಲಿ ಕೊಡ ಹಿಡಿದು ನೇರ ನನ್ನ ಮನೆಗೇ ಬರುತ್ತಿದ್ದರು. ಹೀಗಾಗಿ ಎಲ್ಲಿ ಹೋದರೂ ಸರದಿಯ ದಿನಗಳನ್ನು ಬೆರಳಲ್ಲಿ ಎಣಿಸುತ್ತಲೇ ಇರುತ್ತಿದ್ದೆ.

ಬಸ್ಸಿನಲ್ಲಿ

ಆ ವರ್ಷ ದೀಪಾವಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ರಜೆ ಕೂಡಿ ಬಂದಿತ್ತು, ಯಾವ ಓಣಿಗೂ ಸರದಿ ಇರಲಿಲ್ಲ. ಹೆಂಡತಿಯ ತವರು ತಂಬ್ರಹಳ್ಳಿ. ಅವಳ ಅಕ್ಕ, ಭಾವ, ಚಿಕ್ಕಪ್ಪ, ಎಲ್ಲರ ಮಕ್ಕಳು ಸೇರುವವರಿದ್ದರು. ಆದರೆ ಸೋಮವಾರ ಬೆಳಿಗ್ಗೆ ಪೇಟೆ ಓಣಿಗೆ ನೀರು ಬಿಡಬೇಕು, ಅಂದೇ ಅಲ್ಲೊಂದು ಮನೆಯಲ್ಲಿ ತೊಟ್ಟಿಲ ಕಾರ್ಯ. ಹಿಂದಿನ ಯುಗಾದಿಗೆ ಮಾವನ ಮನೆಯವರು ಬಿಡದೆ ಒಂದು ದಿನ ಹೆಚ್ಚಿಗೆ ಉಳಿಸಿಕೊಂಡಿದ್ದರು. ನನ್ನ ಬದಲಿಗೆ ಬಂದವನು ಇಡೀ ಊರಿನ ನೀರನ್ನು ತನ್ನ ಬೀಗರ ಓಣಿಗೆ ಬಿಟ್ಟಿದ್ದ. ನಮ್ಮ ಪಂಚಾಯಿತಿ ಸಾಹೇಬರು, "ಇನ್ನೊಂದ್ಸಲ ಹಿಂಗಾದ್ರ ನೀನು ಮಾವನ ಮನಿಯಾಗ ಇದ್ದುಬಿಡು, ಈ ಕಡಿ ಬರಬ್ಯಾಡ" ಎಂದಿದ್ದರು.

ಯಾರನ್ನೂ ನಂಬದೆ ಈ ಸಲ ಚಾವಿಯನ್ನು ಜೊತೆಗೇ ಒಯ್ದೆ. ಎದೆಯೆತ್ತರದ ಕಬ್ಬಿಣದ ರಾಡು, ಮೇಲೆ ಅಡ್ಡ ಹಿಡಿಕೆ. ಬಸ್ಸು ಕುಲುಕಿದಾಗಲೆಲ್ಲ ಯಾರದಾದರೂ ಮಂಡಿಗೆ ತಗಲುತ್ತಿತ್ತು. ಕಂಡಕ್ಟರು, "ಹಬ್ಬಕ್ಕ ಹೊಂಟೀಯೋ, ಬಾವಿ ತೋಡಾಕ ಹೊಂಟೀಯೋ?" ಎಂದ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಇವ್ರು ನಿಮ್ಮ ಜೋಡಿ ಏನ್ರಿ?" ಎಂದು ಕೇಳಿದ.

ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು, "ಇಲ್ರಿ, ನಾ ಒಬ್ಬಾಕಿನ. ಒಂದ ಟಿಕೀಟು ಕೊಡ್ರಿ."

ಬಚ್ಚಲಲ್ಲಿ

ಮಾವನ ಮನೆಯಲ್ಲಿ ಬೋರಿನ ನೀರಿಗೆ ಬರವಿಲ್ಲ. ನನಗೋ ಹರಿಯುವ ನೀರಿನ ಸದ್ದು ಕೇಳಿದರೆ ಕೂಡಲಾಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಹಚ್ಚಿ ಆಗಿತ್ತು. ಬಚ್ಚಲ ಕಡೆಯಿಂದ ಸಳಸಳ ಸದ್ದು ನಿಲ್ಲುತ್ತಲೇ ಇರಲಿಲ್ಲ. ಯಾರೋ ನಲ್ಲಿ ಬಿಟ್ಟು ಮರೆತಿದ್ದಾರೆ ಎಂದು ಜೀವ ಹೊಡೆದುಕೊಂಡಿತು. ಹಿತ್ತಲಿಗೆ ಓಡಿ, ಟ್ಯಾಂಕಿನ ವಾಲ್ವು ಬಂದ್ ಮಾಡಿ, ಪುಣ್ಯದ ಕೆಲಸ ಮಾಡಿದೆನೆಂದು ಬಂದು ಕೂತೆ.

ಒಳಗೆ ನನ್ನ ಷಡ್ಡಕ ಇದ್ದ, ಹೆಂಡತಿಯ ಅಕ್ಕನ ಗಂಡ. ತಲೆ ತುಂಬ ಸೀಗೆಕಾಯಿ ಪುಡಿ, ಕಣ್ಣು ಉರಿ. "ಯಾರಲೇ ಅದು ನೀರು ನಿಲ್ಸಿದ್ದು?" ಎಂದು ಅವನು ಚೀರಿದ್ದಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವು. ನಾನು ಮತ್ತೆ ಹಿತ್ತಲಿಗೆ ಓಡಿದೆ. ಅತ್ತೆಯೇ ಸಮಾಧಾನ ಹೇಳಿದರು, "ಏನು ಮಾಡೂದಪ್ಪ, ನಮ್ಮ ಸಣ್ಣ ಅಳಿಯಗ ರಜಾ ಸಿಕ್ಕೈತಿ, ಅವರ ಕೈಗೆ ಇನ್ನೂ ರಜಾ ಸಿಕ್ಕಿಲ್ಲ."

ದನದ ಕೊಟ್ಟಿಗೆಯಲ್ಲಿ

ಆ ಮನೆಯದೊಂದು ಪದ್ಧತಿ. ನೆಂಟರು ಹೊರಡುತ್ತೇವೆ ಎಂದರೆ ಅವರ ಒಂದು ಚಪ್ಪಲಿ ಕಾಣೆಯಾಗುತ್ತದೆ. ಯುಗಾದಿಯಲ್ಲಿ ನನ್ನದು ಜೋಳದ ಚೀಲದಲ್ಲಿ ಸಿಕ್ಕಿತ್ತು. ಅದಕ್ಕೇ ಈ ಸಲ ಬಂದ ದಿನವೇ ಸಾರಿಬಿಟ್ಟಿದ್ದೆ: "ಚಪ್ಪಲಿ ಬಚ್ಚಿಟ್ರೂ ಸೈ, ಭಾನುವಾರ ಮಧ್ಯಾಹ್ನ ಬರಿಗಾಲಾಗ ಹೊಂಡ್ತೀನಿ."

ಭಾನುವಾರ ನೋಡಿದರೆ ಚಪ್ಪಲಿ ಇದ್ದಲ್ಲೇ ಇದೆ. ಮಂಚದ ಕೆಳಗಿದ್ದ ಚಾವಿ ಇಲ್ಲ.

ಅತ್ತೆಯನ್ನು ಕೇಳಿದರೆ, "ನಿಮ್ಮ ಚಿಕ್ಕಮಾವಗ ಬಚ್ಚಿಡು ಅಂದೆ, ಎಲ್ಲಿ ಅಂತ ಕೇಳಲಿಲ್ಲ" ಎಂದರು. ಚಿಕ್ಕಮಾವ, ಎಂದರೆ ನನ್ನ ಹೆಂಡತಿಯ ಚಿಕ್ಕಪ್ಪ, ಫೋನೂ ಮನೆಯಲ್ಲೇ ಬಿಟ್ಟು ಬೆಳಿಗ್ಗೆಯೇ ತಮ್ಮ ಅತ್ತೆಮನೆಗೆ, ಇಟ್ಟಿಗಿ ಊರಿಗೆ ಹೋಗಿದ್ದರು. ಅಟ್ಟ, ಬಣವೆ, ಬಾವಿ ದಂಡೆ ಎಲ್ಲ ಹುಡುಕಿದೆವು. ಬಸ್ಸು ಹೋಯಿತು. ನನ್ನ ಮುಖ ನೋಡಿ ಮನೆಯವರಿಗೂ ನಗು ಹೋಯಿತು. ನೌಕರಿ ಹೋದರೆ ಗತಿ ಏನೆಂದು ನಾನು ಕೊಟ್ಟಿಗೆಯಲ್ಲಿ ಎತ್ತಿನ ಗೂಟಕ್ಕೆ ಒರಗಿ ಕೂತೆ, ಕಣ್ಣಲ್ಲಿ ನೀರೇ ಬಂತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಚಿಕ್ಕಮಾವ ಬಂದರು. ಎಲ್ಲರೂ ಒಟ್ಟಿಗೆ ಮುತ್ತಿಕೊಂಡೆವು.

"ಅಯ್ಯ, ಅದಕ್ಯಾಕ ಇಷ್ಟು ಗದ್ದಲ?" ಎಂದರು ಅವರು. "ಎತ್ತು ಕಟ್ಟಾಕ ಗಟ್ಟಿ ಗೂಟ ಇರಲಿಲ್ಲ, ಅದನ್ನ ಕೊಟ್ಟಿಗ್ಯಾಗ ಬಡದು, ಹಿಡಿಕಿಗೆ ಹಗ್ಗ ಸುತ್ತೀನಿ ನೋಡ್ರಿ. ಎಂಥಾ ಗೂಟ! ಅಳಿಯಾರ, ಇಂಥಾದು ಇನ್ನೊಂದು ಸಿಗತೈತೇನು?"

ಟ್ರ್ಯಾಕ್ಟರಿನಲ್ಲಿ

ಅದೇ ಎತ್ತಿನಿಂದ ಎಳೆಸಿ ಚಾವಿ ಕಿತ್ತದ್ದಾಯಿತು. ಬಸ್ಸು ಕಾಯುವಷ್ಟು ಹೊತ್ತಿಲ್ಲ. ಮಾವನಿಗೆ ಪಾಪಪ್ರಜ್ಞೆ, ಟ್ರ್ಯಾಕ್ಟರ್ ತೆಗೆಸಿದರು. "ಹೆಂಗೂ ಗಾಡಿ ಹೊಂಟೈತಿ" ಎಂದು ಮನೆ ಮಂದಿಯೆಲ್ಲ ಹಬ್ಬದ ಬಟ್ಟೆಯಲ್ಲೇ ಟ್ರೇಲರ್ ಹತ್ತಿದರು. ನಾನು ಚಾವಿ ಹಿಡಿದು ಮುಂದೆ ನಿಂತೆ. ಕೊಟ್ಟೂರಿನವರೆಗೂ ಕೂರಲಿಲ್ಲ, ನಿಂತರೆ ಬೇಗ ಮುಟ್ಟುತ್ತೇನೆ ಎಂದು ಏನೋ ಒಂದು ಭ್ರಮೆ.

ಪೇಟೆ ಓಣಿಯಲ್ಲಿ ಕೊಡಗಳು ಸಾಲಾಗಿ ಕಾದಿದ್ದವು. ನಾನು ಜಿಗಿದು ವಾಲ್ವು ತಿರುಗಿಸಿದೆ. ನೀರು ಬಂತು, ನನಗೆ ಜೀವ ಬಂತು. ತೊಟ್ಟಿಲ ಮನೆಯ ಅಜ್ಜಿ ಟ್ರೇಲರನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಒಂದು ನಲ್ಲಿ ತಿರುವಾಕ ಇಷ್ಟು ಮಂದಿ ಬೇಕೇನಪ್ಪ?"

ನನ್ನ ಮನೆಯಲ್ಲಿ

ನೆಂಟರನ್ನು ನನ್ನ ಎರಡು ಕೋಣೆಯ ಮನೆಗೆ ಇಳಿಸಿದೆವು. ಹೊರಡುವ ಮುಂಚೆ ಮನೆ ತೊಳೆಯುವುದರಲ್ಲೇ ನೀರೆಲ್ಲ ಮುಗಿದಿತ್ತು, ಹಿತ್ತಲ ನಲ್ಲಿಯ ಕೆಳಗಿನ ತೊಟ್ಟಿ ಒಣಗಿತ್ತು. ನಮ್ಮ ಓಣಿಯ ಸರದಿ ಗುರುವಾರ. ಅಷ್ಟು ವರ್ಷ ನೌಕರಿ ಮಾಡಿದರೂ ನನ್ನ ಓಣಿಗೆ ಸರದಿ ತಪ್ಪಿಸಿ ಒಂದು ಹನಿ ಬಿಟ್ಟವನಲ್ಲ. ಆದರೆ ಇಷ್ಟು ಜನಕ್ಕೆ ಕೈ ತೊಳೆಯಲಾದರೂ ನೀರು ಬೇಡವೇ? ಯಾರೂ ಇಲ್ಲವೆಂದು ಸುತ್ತ ನೋಡಿ, ನಮ್ಮ ಓಣಿಯ ವಾಲ್ವನ್ನೂ ಅರ್ಧ ಗಂಟೆ ತಿರುಗಿಸಿಬಿಟ್ಟೆ.

ಮನೆಗೆ ಬಂದಾಗ ಮಾವ ಹೊರಡಲು ಎದ್ದಿದ್ದರು. "ನಾವು ಬರ್ತೀವಿ ಅಳಿಯಾರ, ನಿಮಗ ಭಾಳ ತ್ರಾಸು ಕೊಟ್ವಿ." ನನಗೂ ಒಳಗೊಳಗೆ ಹಾಯೆನಿಸಿತು. ಬಾಗಿಲಿಗೆ ಹೋದರೆ ಒಬ್ಬರ ಚಪ್ಪಲಿಯೂ ಇಲ್ಲ!

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. "ನನ್ನ ತವರಿನವ್ರೆಲ್ಲ ಒಟ್ಟಿಗೆ ನಮ್ಮ ಮನಿಗೆ ಬಂದಿದ್ದು ಇದ ಮೊದಲು. ಹಂಗ ಬಿಡ್ತೀನೇನು?"

"ಎಲ್ಲಿಟ್ಟಿ?" ಎಂದೆ.

"ತೊಟ್ಟಿಯಾಗ. ಗುರುವಾರದ ತನಕ ಅದನ್ನ ಯಾರು ನೋಡ್ತಾರ?"

ನಾನು ಹಿತ್ತಲಿಗೆ ಓಡಿದೆ. ತೊಟ್ಟಿ ತುಂಬಿ ತುಳುಕುತ್ತಿತ್ತು. ಮಾವನ ಚರ್ಮದ ಮೆಟ್ಟು ತಳ ಸೇರಿತ್ತು, ಉಳಿದವು ಮೇಲೆ ತೇಲುತ್ತಿದ್ದವು. ಆ ನೀರು ಕುಡಿಯಲೂ ಬರಲಿಲ್ಲ.

ಎಲ್ಲವನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಹೊತ್ತು ಇಳಿಯುವಾಗ ಮಾವ ತಮ್ಮ ಮೆಟ್ಟನ್ನು ಹಿಂಡಿ ನೋಡಿ, ಗೋಡೆಗೆ ಒರಗಿ ಆರಾಮಾಗಿ ಕೂತರು.

"ಇನ್ನೂ ಹಸಿ ಅದಾವ ಅಳಿಯಾರ. ನಾಳಿ ಮಂಗಳವಾರ, ನಾವು ಮಂಗಳವಾರ ಹೊಂಡಂಗಿಲ್ಲ. ನೀವೇನು ಚಿಂತಿ ಮಾಡಬ್ಯಾಡ್ರಿ, ಬುಧವಾರ ನೋಡೋಣಂತ. ಅಂದಂಗ, ಸ್ನಾನಕ್ಕ ನೀರು ಯಾವಾಗ ಬಿಡ್ತೀರಿ?"