ಸಿಸ್ಟರಮ್ಮನ ಜನಮನಯಂತ್ರ

"ಅಕ್ಕಾ, ಇನ್ಮೇಲೆ ಜನದ ಮನಸ್ಸಲ್ಲಿ ಏನಿದೆ ಅಂತ ನೀನು ತಲೆ ಕೆಡಿಸ್ಕೋಬೇಕಾಗಿಲ್ಲ," ಎಂದು ಚಿದಂಬರ ಹಳೆಯ ಬೆಡ್‌ಶೀಟನ್ನು ಸರ್ರನೆ ಎಳೆದ. ಕೆಳಗೆ ಇಡ್ಲಿ ಪಾತ್ರೆ ಕೂತಿತ್ತು. ಮುಂದೆ ಒಂದು ಗಾಜಿನ ಕಣ್ಣು, ನೆತ್ತಿಯ ಮೇಲೆ ಒಂದು ಕೆಂಪು ಬಲ್ಬು, ಒಂದು ಹಸಿರು ಬಲ್ಬು, ಹೊಟ್ಟೆಯಿಂದ ಹೊರಟ ಮೈಕಿನ ಹಾರ್ನು!

"ಇದು ನಮ್ಮನೆ ಇಡ್ಲಿ ಪಾತ್ರೆ ಅಲ್ವೇನೋ?" ಎಂದಳು ಸರ್ವಮಂಗಳಾ.

"ಆಗಿತ್ತು. ಈಗ ಜನಮನಯಂತ್ರ."

ಸರ್ವಮಂಗಳಾ ಅರಳಿಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಜೀವ ತೇದು ರಿಟೈರಾದ ನರ್ಸು. ಊರಿಗೆಲ್ಲ ಸಿಸ್ಟರಮ್ಮ. ಈ ಸಲ ವಿಧಾನಸಭೆಗೆ ಪಕ್ಷೇತರಳಾಗಿ ನಿಂತಿದ್ದಳು. ಕಾರಣ ಒಂದೇ. ಆಸ್ಪತ್ರೆಗೆ ಹೆರಿಗೆ ಡಾಕ್ಟರಿಲ್ಲದೆ ವರ್ಷಗಳಾಗಿದ್ದವು. ನೋವು ಬಂದವರನ್ನೆಲ್ಲ ಜಿಲ್ಲಾಸ್ಪತ್ರೆಗೆ ಸಾಗಿಸಬೇಕಿತ್ತು. ಹಾಗೆ ಸಾಗಿಸುವಾಗ ರೈಲ್ವೆ ಗೇಟು ತೆಗೆಯುವುದನ್ನು ಕಾಯುತ್ತಾ ಒಬ್ಬ ಹುಡುಗಿ ಇವಳ ತೊಡೆಯ ಮೇಲೆಯೇ ಕಣ್ಣು ಮುಚ್ಚಿದ್ದಳು. ಊರಿಗೊಬ್ಬ ಡಾಕ್ಟರನ್ನು ತರಬೇಕು, ಅದಕ್ಕಾಗಿ ಗೆಲ್ಲಬೇಕು, ಅಷ್ಟೆ.

ಅವಳ ತಮ್ಮ ಚಿದಂಬರ ಮಿಕ್ಸಿ ರಿಪೇರಿಯವನು. ತಾನಾಗಿ ಬಾಗಿಲು ತೆರೆಯುವ ಯಂತ್ರ ಮಾಡಿ ಕಳ್ಳರಿಗೂ ಬಾಗಿಲು ತೆರೆಸಿದ್ದ ಪುಣ್ಯಾತ್ಮ.

"ಜನ ಬಾಯಲ್ಲಿ ಎಲ್ಲರಿಗೂ 'ನಿಮಗೇ ಓಟು' ಅಂತಾರೆ. ಇದು ಬಾಯಿ ನಂಬಲ್ಲ. ಮುಖ ನೋಡುತ್ತೆ, ಕೈ ನೋಡುತ್ತೆ. ನಿನ್ನ ದನಿಯಲ್ಲೇ ಭಾಷಣ ಮಾಡುತ್ತೆ. ಜನಕ್ಕೆ ಬೇಕಾದ ಮಾತಿಗೆ ಹಸಿರು, ಅದನ್ನ ಬೆಳೆಸುತ್ತೆ. ಬೇಡದ್ದಕ್ಕೆ ಕೆಂಪು, ಅದನ್ನ ಬಿಟ್ಟೇಬಿಡುತ್ತೆ."

"ಬೇಕು, ಬೇಡ ಅನ್ನೋದು ಈ ಪಾತ್ರೆಗೆ ಹ್ಯಾಗೋ ಗೊತ್ತಾಗುತ್ತೆ?"

"ನಮ್ಮ ಗೃಹಪ್ರವೇಶದ ದಿನ ಊಟದ ಹಾಲ್‌ನಲ್ಲಿ ಕೂರಿಸಿ ಕಲಿಸಿದೀನಕ್ಕ. ಅಷ್ಟು ಜನ ಒಂದೇ ಕಡೆ ಇನ್ನೆಲ್ಲಿ ಸಿಗ್ತಾರೆ?"

ಸಿಸ್ಟರಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ಈ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ ಹೊರಟುಬಿಟ್ಟಳು. ಅಲ್ಲೇ ಎಡವಟ್ಟಾಯಿತು ನೋಡಿ.

ಮುನೀರನ ಆಟೋದ ಮೇಲೆ ಯಂತ್ರವನ್ನು ಬಿಗಿದು ಸಂತೆಗೆ ಒಯ್ದರು. ಮೊದಲು ಊರಿಗೆ ಡಾಕ್ಟರು ಬೇಕೆಂಬ ಮಾತು. ಯಂತ್ರ ಸಿಸ್ಟರಮ್ಮನ ದನಿಯಲ್ಲಿ ರೈಲ್ವೆ ಗೇಟಿನ ಕತೆ ಹೇಳಿತು. ಅವರೆಕಾಯಿ ಮಾರುವ ಪುಟ್ಟತಾಯಮ್ಮ ತಕ್ಕಡಿಯನ್ನು ಕೆಳಗಿಟ್ಟು ನಿಂತಳು. ಅವಳ ಮಗಳು ತುಂಬಿದ ಬಸುರಿ. ಸುತ್ತಲಿದ್ದವರೂ ಕೈ ಕಟ್ಟಿಕೊಂಡು ಸುಮ್ಮನೆ ನಿಂತರು.

ಕೆಂಪು ಬಲ್ಬು ಹತ್ತಿತು. "ಜನಕ್ಕೆ ಸಾಕಾಗಿದೆ," ಎಂದು ಯಂತ್ರ ಆ ಮಾತನ್ನು ಅಲ್ಲಿಗೇ ಕೈಬಿಟ್ಟಿತು. ಸಿಸ್ಟರಮ್ಮ ಆ ಕೆಂಪು ಬಲ್ಬನ್ನೇ ನೋಡಿದಳು. ಯಾರಿಗೂ ಬೇಡವಾದ ಮಾತಿಗಾಗಿ ನಾನು ಚುನಾವಣೆಗೆ ನಿಂತೆನೆ?

ಮುಂದಿನದು ಚಿದಂಬರನೇ ಕಟ್ಟಿದ ಹಾಡು: "ಅರಳಿಪುರದ ಅರಳು ಮಲ್ಲಿಗೆ, ಸರ್ವಮಂಗಳೆ ಬಂದಳು ಇಲ್ಲಿಗೆ!" ಜನ ಮುಖ ಕಿವುಚಿದರು. ಎರಡೂ ಕೈ ಅಡ್ಡ ಹಿಡಿದು ಹಿಂದೆ ಸರಿದರು. ಝಗ್ಗೆಂದು ಹಸಿರು ಬಲ್ಬು! ಯಂತ್ರ ಹಾಡನ್ನು ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ ಶುರು ಮಾಡಿತು.

"ಚಿದು, ಅವರು ಬೇಡ ಅಂತ ಕೈ ಮಾಡ್ತಿದಾರಲ್ಲೋ."

"ನೀನು ಇಂಜೆಕ್ಷನ್ ಚುಚ್ಚುವಾಗ ನಾನು ಬಾಯಿ ಹಾಕ್ತಿದ್ನೇನಕ್ಕ? ಇದು ವಿಜ್ಞಾನ."

ಅಲ್ಲಿಂದ ಮುಂದಿನ ಅವಾಂತರ ಕೇಳಬೇಡಿ. ಡಾಕ್ಟರ ಹೆಸರನ್ನು ಯಂತ್ರ ಮತ್ತೆ ಎತ್ತಲಿಲ್ಲ. ಹಾಡು ಮಾತ್ರ ದಿನದಿನಕ್ಕೆ ಬೆಳೆದು ಪುರಾಣದಷ್ಟಾಯಿತು. ಪರೀಕ್ಷೆಗೆ ಓದುವ ಮಕ್ಕಳ ತಾಯಂದಿರು ಕೈ ಮುಗಿದರೆ ಅವರ ಬೀದಿಯಲ್ಲೇ ಠಿಕಾಣಿ ಹೂಡಿತು. ಸಾವಿನ ಮನೆಯವರು "ದಮ್ಮಯ್ಯ ನಿಲ್ಸಿ" ಎಂದು ಕೈಯಾಡಿಸಿದರೆ ಸ್ಮಶಾನದವರೆಗೂ ಹಿಂಬಾಲಿಸಿತು.

"ಗಾಡಿ ಯಾಕೆ ತಿರುಗಿಸಿದೆ ಮುನೀರ?" ಎಂದು ಸಿಸ್ಟರಮ್ಮ ಗದರಿದಳು.

"ನಾನೆಲ್ಲಿ ತಿರುಗಿಸ್ದೆ ಸಿಸ್ಟರಮ್ಮ? ನಿಮ್ ತಮ್ಮ ಹ್ಯಾಂಡಲ್ಲಿಗೂ ವೈರ್ ಕೊಟ್ಟವ್ರೆ. ನಾನು ಸುಮ್ನೆ ಕೂತಿದೀನಿ."

ಪ್ರಚಾರದ ಕೊನೆಯ ದಿನ ಒಬ್ಬ ಮೇಷ್ಟ್ರು ಕೈ ಅಡ್ಡ ಹಿಡಿದು ಓಡಿದರು. ಆಟೋ ಅವರ ಅಂಗಳಕ್ಕೇ ನುಗ್ಗಿತು. "ಸಂಕೋಚ ಮಾಡ್ಕೋಬೇಡಿ," ಎಂದಿತು ಯಂತ್ರ. "ಇಷ್ಟಕ್ಕೇ ಸಾಕು ಅಂದ್ರೆ ಹ್ಯಾಗೆ? ನನಗೋಸ್ಕರ ಇನ್ನೊಂದು, ಒಂದೇ ಒಂದು!"

ಆಟೋದಿಂದ ಇಳಿಯುತ್ತಿದ್ದ ಸಿಸ್ಟರಮ್ಮ ಗಕ್ಕನೆ ನಿಂತಳು. ಅದು ಚಿದಂಬರನ ಅತ್ತೆ ಹೋಳಿಗೆ ಬಡಿಸುವಾಗ ಆಡುವ ಮಾತು.

"ಚಿದು, ಗೃಹಪ್ರವೇಶದ ದಿನ ಇದನ್ನ ಎಲ್ಲಿ ಇಟ್ಟಿದ್ದೆ?"

"ಪಂಕ್ತಿ ತುದೀಲಿ. ಹೋಳಿಗೆ ಬಡಿಸೋ ಕಡೆ."

ಸಿಸ್ಟರಮ್ಮ ಮೇಷ್ಟ್ರ ಜಗಲಿಯ ಮೇಲೆ ಕೂತಳು. ನಮ್ಮ ಕಡೆ ಹೋಳಿಗೆ ಬೇಕೆಂದು ಬಾಯಿ ಬಿಟ್ಟು ಕೇಳುವವರುಂಟೆ? ಎಲೆಗೆ ಕೈ ಅಡ್ಡ ಹಿಡಿದು, ಮುಖ ಕಿವುಚಿ, ಅಯ್ಯಯ್ಯೋ ಸಾಕು ಎನ್ನಬೇಕು. ಬಡಿಸುವವರು ಬಲವಂತ ಮಾಡಬೇಕು. ಆಮೇಲೆ ಎರಡನ್ನು ಹಾಯಾಗಿ ತಿನ್ನಬೇಕು. ನಿಜವಾಗಿ ಹೊಟ್ಟೆ ತುಂಬಿದವರು ಮಾತ್ರ ಕೈ ಕಟ್ಟಿಕೊಂಡು ಸುಮ್ಮನೆ ಕೂತಿರುತ್ತಾರೆ. ಯಂತ್ರ ನೋಡಿದ್ದು ಇದನ್ನೇ, ಕಲಿತದ್ದೂ ಇದನ್ನೇ.

"ಹಂಗಾದ್ರೆ ಡಾಕ್ಟರ ಮಾತಿಗೆ ಕೆಂಪು ಹತ್ತಿದ್ದು..." ಎಂದ ಚಿದಂಬರ.

"ಸುಮ್ಮನೆ ನಿಂತು ಕೇಳಿದ್ರಲ್ಲೋ," ಎಂದಳು ಸಿಸ್ಟರಮ್ಮ. "ಸಂತೆಗೆ ಸಂತೆಯೇ ಸುಮ್ಮನೆ ನಿಂತು ಕೇಳಿತ್ತಲ್ಲೋ." ಅವಳಿಗೆ ಅಳು ಬಂತು. ಅತ್ತಳು.

ವೈರು ಕೀಳಲು ಚಿದಂಬರ ಕೈ ಚಾಚಿದ್ದೇ ತಡ, ಯಂತ್ರ ಹಸಿರಾಗಿ ಅವನಿಗೇ ಹಾಡತೊಡಗಿತು. ಪ್ರಚಾರದ ಹೊತ್ತು ಮುಗಿಯಿತೆಂದು ಅಧಿಕಾರಿಗಳು ಬಂದು ಕೈಯೆತ್ತಿ ತಡೆದರು. ಅವರಿಗೂ ಸಂಕೋಚ ಬೇಡವೆಂದಿತು! ಕಡೆಗೆ ಮುನೀರ ತನ್ನ ಟವೆಲನ್ನು ಅದರ ಕಣ್ಣಿಗೆ ಕಟ್ಟಿದ. ಆಗ ಬಾಯಿ ಮುಚ್ಚಿತು.

ಎಣಿಕೆಯ ದಿನ ಸಿಸ್ಟರಮ್ಮನ ಠೇವಣಿಯೂ ಉಳಿಯಲಿಲ್ಲ. ಮಧ್ಯಾಹ್ನ ಪುಟ್ಟತಾಯಮ್ಮ ಏದುಸಿರು ಬಿಡುತ್ತಾ ಬಂದಳು.

"ಮಗಳಿಗೆ ನೋವು ಶುರುವಾಗೈತೆ. ಬನ್ನಿ ಸಿಸ್ಟರಮ್ಮ."

ದಾರಿಯಲ್ಲಿ ಅವಳೇ ತಲೆ ತಗ್ಗಿಸಿ ಹೇಳಿದಳು: "ಅವತ್ತು ಡಾಕ್ಟರ್ ವಿಚಾರ ಹೇಳಿದ್ರಲ್ಲ, ಮನೆಯೋರೆಲ್ಲ ನಿಮಗೇ ಅಂದ್ಕೊಂಡಿದ್ವಿ. ಆಮೇಲೆ ಅದ್ನ ಎತ್ತಲೇ ಇಲ್ಲ ನೀವು. ನಿಮಗೂ ಅದು ಬೇಡವಾಯ್ತೇನೋ ಅನ್ನಿಸ್ಬಿಡ್ತು."

ಯಂತ್ರ ಇನ್ನೂ ಮೇಲೆ ಬಿಗಿದೇ ಇದ್ದ ಮುನೀರನ ಆಟೋದಲ್ಲಿ ಹುಡುಗಿಯನ್ನು ಮಲಗಿಸಿಕೊಂಡು ಜಿಲ್ಲಾಸ್ಪತ್ರೆಗೆ ಹೊರಟರು. ಊರ ಬಾಗಿಲಲ್ಲೇ ಗೆದ್ದವರ ಮೆರವಣಿಗೆ. ತಮಟೆ, ಪಟಾಕಿ, ರಸ್ತೆ ತುಂಬ ಕೈಯೆತ್ತಿ ಕುಣಿಯುವ ಜನ. ಮುನೀರ ಹಾರನ್ ಒತ್ತಿ ಒತ್ತಿ ಸುಸ್ತಾದ. ಹುಡುಗಿ ಸಿಸ್ಟರಮ್ಮನ ತೊಡೆಯ ಮೇಲೆ ನರಳುತ್ತಿದ್ದಳು. ಅದೇ ತೊಡೆ. ಮತ್ತದೇ ಕಾಯುವಿಕೆ.

ಸಿಸ್ಟರಮ್ಮ ಹೊರಗೆ ಬಾಗಿ ಯಂತ್ರದ ಕಣ್ಣಿನ ಟವೆಲನ್ನು ಕಿತ್ತೆಸೆದಳು.

ಅಷ್ಟು ಕೈಗಳನ್ನು ಒಟ್ಟಿಗೆ ಕಂಡ ಯಂತ್ರ ಹಿಗ್ಗಿಹೋಯಿತು. "ಅರಳಿಪುರದ ಅರಳು ಮಲ್ಲಿಗೆ!" ಕುಣಿಯುತ್ತಿದ್ದವರು ಆ ದನಿ ಕೇಳಿದ್ದೇ ತಮಟೆ ಬಿಸಾಕಿ ದಿಕ್ಕಾಪಾಲಾದರು. ಗೆದ್ದ ಶಾಸಕರೂ ಹಾರ ಹಿಡಿದುಕೊಂಡು ಮೋರಿ ದಾಟಿದರು. ಜಿಲ್ಲಾಸ್ಪತ್ರೆಯವರೆಗೆ ಒಂದು ಎತ್ತಿನ ಗಾಡಿಯೂ ಅಡ್ಡ ಬರಲಿಲ್ಲ, ರೈಲ್ವೆ ಗೇಟೂ ತೆರೆದೇ ಇತ್ತು. ಹೆಣ್ಣು ಮಗು. ತಾಯಿ, ಮಗು ಕ್ಷೇಮ.

ಈಗ ಅರಳಿಪುರದ ಬಸುರಿಯರೆಲ್ಲ ಆ ಆಟೋದಲ್ಲೇ ಹೋಗುತ್ತಾರೆ. ಮೊನ್ನೆ ಶಾಸಕರು ಸಭೆಯಲ್ಲಿ, ಇಷ್ಟು ಬೇಗ ತಲುಪಿಸುವ ಗಾಡಿ ಇರುವಾಗ ಈ ಊರಿಗೆ ಹೆರಿಗೆ ಡಾಕ್ಟರು ಯಾಕೆ ಎಂದರು. ಜನ ಕೈ ಕಟ್ಟಿಕೊಂಡು ಸುಮ್ಮನೆ ನಿಂತು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಆಟೋದ ಮೇಲಿನ ಯಂತ್ರ "ಜನಕ್ಕೆ ಸಾಕಾಗಿದೆ" ಎಂದು ಕೆಂಪು ಬಲ್ಬು ಹತ್ತಿಸಿತು.

ಅದು ಸರಿಯಾಗಿ ಹೇಳಿದ್ದು ಅದೊಂದೇ ಸಲ ಎನ್ನುತ್ತಾಳೆ ಸಿಸ್ಟರಮ್ಮ.